ಹಿಂದಿನ ಸೀಟಿನ ಕೆಳಗೆ

ಹಳೇ ಕಾರು ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಕಾರನ್ನಲ್ಲ, ಮ್ಯಾಗ್ನೆಟ್ ಮಾಮನನ್ನು ಎಂಬುದು ಆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಒಡೆದ ಸ್ಪೀಕರಿನಿಂದ ಕಿತ್ತ ಒಂದು ದುಂಡನೆಯ ಮ್ಯಾಗ್ನೆಟ್ಟು, ಬಣ್ಣ ಗೀರದಿರಲೆಂದು ಅದಕ್ಕೆ ಸುತ್ತಿದ ಹಳೇ ಬನಿಯನ್ ಬಟ್ಟೆ, ಇಷ್ಟೇ ಅವನ ಆಫೀಸು. ಅದನ್ನು ಬಾಗಿಲಿಗೆ, ಬಾನೆಟ್ಟಿಗೆ, ಚಕ್ರದ ಮೇಲಿನ ಕಮಾನಿಗೆ ಒತ್ತಿ ಒತ್ತಿ ನೋಡುತ್ತಿದ್ದ. ತಗಡು ಇದ್ದಲ್ಲಿ ಗಪ್ಪನೆ ಹಿಡಿಯುತ್ತಿತ್ತು. ಎಲ್ಲೋ ಗುದ್ದಿಸಿಕೊಂಡು ಪುಟ್ಟಿ ಮೆತ್ತಿಸಿಕೊಂಡ ಜಾಗದಲ್ಲಿ ಜಾರಿ ಕೈಗೆ ಬರುತ್ತಿತ್ತು. ಆಗ ಮಾಮ ಮಾರುವವನ ಮುಖ ನೋಡುತ್ತಿರಲಿಲ್ಲ; ಆಕಾಶ ನೋಡಿ ಒಮ್ಮೆ ಕೆಮ್ಮುತ್ತಿದ್ದ. ಆ ಒಂದು ಕೆಮ್ಮಿಗೆ ಐದು ಸಾವಿರ ಇಳಿಯುತ್ತದೆ ಎಂದು ಗಾಡಿ ವ್ಯಾಪಾರಿಗಳು ಅವನಿಗೆ ಹಿಡಿಶಾಪ ಹಾಕುತ್ತಿದ್ದರು.

ಎಲ್ಲರೂ ಮಾಮ ಅಂದಮೇಲೆ ಅವನ ಹೆಂಡತಿ ಎಲ್ಲರಿಗೂ ಅತ್ತೆ. ಊರಿಗೆಲ್ಲ ಅತ್ತೆಯಾದೆ, ಒಂದು ಲೋಟ ಕಾಫಿ ಮಾಡಿಕೊಡಲು ಒಬ್ಬ ಸೊಸೆ ಇಲ್ಲ ಎಂದು ಅವಳು ಬಂದವರೆದುರು ನಗುತ್ತಿದ್ದಳು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವಳದ್ದೊಂದು ಕಾಲಿನ ಹೊಲಿಗೆ ಯಂತ್ರ. ಅದರಲ್ಲಿ ಕಾರುಗಳಿಗೆ ಸೀಟು ಕವರು ಹೊಲಿಯುತ್ತಿದ್ದಳು. ಗಂಡ ಒಪ್ಪಿದ ಗಾಡಿ ಹೆಂಡತಿಯ ಬಳಿ ಬಟ್ಟೆ ತೊಡಲು ಬರುವುದು ಆ ಮನೆಯ ವಾಡಿಕೆ. ನಿಜ ಹೇಳಬೇಕೆಂದರೆ ಮನೆ ನಡೆದದ್ದು ಮ್ಯಾಗ್ನೆಟ್ಟಿನಿಂದಲ್ಲ, ಆ ಯಂತ್ರದಿಂದ. ಮಾಮನೂ ಅದನ್ನು ಒಪ್ಪಿಕೊಳ್ಳುತ್ತಿದ್ದ, ಅವಳು ಎದುರಿಗಿಲ್ಲದಾಗ.

ಅವನದು ಒಂದು ಪದ್ಧತಿ. ಬೆಳಿಗ್ಗೆ ಬೇಗ ಹೋಗಬೇಕು, ತಾನು ಬರುವ ತನಕ ಯಾರೂ ಗಾಡಿ ಸ್ಟಾರ್ಟ್ ಮಾಡಕೂಡದು. ಹೋದವನೇ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಅಲ್ಲಿಂದಲೇ ವಾಪಸ್ಸು. ಜ್ವರದ ಮಾತ್ರೆ ನುಂಗಿಸಿ ಮಗುವನ್ನು ಡಾಕ್ಟರ ಹತ್ತಿರ ತಂದರೆ ಡಾಕ್ಟರು ಏನು ನೋಡಬೇಕು ಎಂದು ಕೇಳುತ್ತಿದ್ದ. ತಣ್ಣಗಿದ್ದರೆ ಪೆಡಲ್ಲಿನ ರಬ್ಬರು ನೋಡುತ್ತಿದ್ದ. ಮೀಟರಿನ ಅಂಕಿ ಎಷ್ಟು ಬೇಕಾದರೂ ಹಿಂದಕ್ಕೆ ತಿರುಗೀತು, ಸವೆದ ರಬ್ಬರು ತಿರುಗಿ ಬೆಳೆಯುವುದಿಲ್ಲ. ಕಾಲಡಿಯ ಹಾಸು ಎತ್ತಿ ಮೂಗು ಹಿಡಿಯುತ್ತಿದ್ದ, ನೀರು ಕುಡಿದ ಗಾಡಿಯಾದರೆ ಮುಗ್ಗಲು ವಾಸನೆ ಹೋಗುವುದೇ ಇಲ್ಲ. ಕಟ್ಟಕಡೆಗೆ ಹಿಂದಿನ ಸೀಟು ಎತ್ತಿ ಅಡಿಯ ತಗಡು ನೋಡುತ್ತಿದ್ದ. ಆಮೇಲೆ ಕೊಳ್ಳುವವರನ್ನೂ ಮಾರುವವರನ್ನೂ ಎದುರುಬದುರು ನಿಲ್ಲಿಸಿ, ಇಬ್ಬರಿಗೂ ಕೇಳುವಂತೆ ಬೆಲೆ ಹೇಳುತ್ತಿದ್ದ. ಒಂದೇ ಸಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವುದು ಅವನ ಮಟ್ಟಿಗೆ ಬರೀ ಗಾದೆಯಲ್ಲ. ಹದಿನೈದು ವರ್ಷದಲ್ಲಿ ಅವನು ಆಡಿದ ಬೆಲೆಯನ್ನು ಬದಲಿಸಿದ್ದಿಲ್ಲ. ಹೊಸಬರಿಗೆ ಅವನು ಹೇಳುತ್ತಿದ್ದ ಬುದ್ಧಿಮಾತೂ ಒಂದೇ: ಗಾಡಿ ನೋಡು, ಗಾಡಿಯವರ ಮುಖ ನೋಡಬೇಡ.

ಇದಕ್ಕೂ ಮೊದಲು ಅವನು ಟಿಂಕರ್ ಆಗಿದ್ದ. ಜಜ್ಜಿಹೋದ ಗಾಡಿಗಳನ್ನು ಬಡಿದು, ಕತ್ತರಿಸಿ, ಬೆಸೆದು ನೆಟ್ಟಗೆ ಮಾಡುವ ಕೆಲಸ. ಎಡಗೈ ಅವನದು, ಆ ಎಡಗೈಯಲ್ಲಿ ಸುತ್ತಿಗೆ ಹಿಡಿದರೆ ತಗಡು ಹೇಳಿದಂತೆ ಕೇಳುತ್ತಿತ್ತು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯದು ಒಂದು ಕಟ್ಟುನಿಟ್ಟು ಇತ್ತು. ಗಾಡಿಯ ಮೈಯನ್ನು ಎಲ್ಲಿ ಕತ್ತರಿಸಿ ಬೆಸೆದರೂ, ಆ ಬೆಸುಗೆಯ ಪಕ್ಕ, ಹೊರಗೆ ಕಾಣದ ಜಾಗದಲ್ಲಿ, ಪಂಚು ಎಂಬ ಉಕ್ಕಿನ ಮೊಳೆ ಇಟ್ಟು ಎರಡು ಚುಕ್ಕಿ ಹೊಡೆಯಬೇಕು. ಮುಂದೆ ಯಾವ ಟಿಂಕರ್ ಬಿಚ್ಚಿದರೂ ಇಲ್ಲಿ ಗಾಯವಾಗಿತ್ತು ಎಂದು ತಿಳಿಯಬೇಕು. ಗಾಯ ಮುಚ್ಚೋದು ನಮ್ಮ ಕೆಲಸ, ಗಾಯವೇ ಆಗಿಲ್ಲ ಅನ್ನೋದು ನಮ್ಮ ಕೆಲಸ ಅಲ್ಲ ಎಂದು ಮೇಸ್ತ್ರಿ ದಿನಕ್ಕೊಮ್ಮೆ ಗದರುತ್ತಿದ್ದರು. ಮಾಮ ತಾನು ಬೆಸೆದ ಗಾಡಿಗಳಿಗೆಲ್ಲ ಚುಕ್ಕಿ ಹೊಡೆದಿದ್ದ. ಒಂದನ್ನು ಬಿಟ್ಟು.

ಆ ಒಂದರ ವಿಷಯ ಹೆಂಡತಿಗೂ ಹೇಳಿರಲಿಲ್ಲ.

ಈಗ ನರ್ಸಮ್ಮನ ಕತೆಗೆ ಬರೋಣ. ಅತ್ತೆ ಒಮ್ಮೆ ಬಿಸಿನೀರನ್ನು ಕಾಲ ಮೇಲೆ ಚೆಲ್ಲಿಕೊಂಡಾಗ ಹತ್ತೊಂಬತ್ತು ದಿನ ಮನೆಗೇ ಬಂದು ಪಟ್ಟಿ ಕಟ್ಟಿದ ಹೆಂಗಸು ಅವರು. ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವುದು ಅವರ ಉದ್ಯೋಗ. ಎರಡು ಬಸ್ಸು ಬದಲಿಸಿ, ಹೆಗಲಲ್ಲಿ ಮಣಭಾರದ ಚೀಲ ಹೊತ್ತು ಓಡಾಡುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಒಂದು ಹಳೇ ಕಾರು ಕೊಳ್ಳುವ ಮನಸ್ಸು ಮಾಡಿದರು. ಕೂಡಿಟ್ಟದ್ದು ಒಂದು ಲಕ್ಷ, ಅದರಾಚೆಗೆ ಒಂದು ಬಿಡಿಗಾಸೂ ಇಲ್ಲ ಎಂದು ಮೊದಲೇ ಹೇಳಿದರು. ಮಾಮ ಹೆಂಡತಿಯ ಕಾಲು ನೆನೆದು, ನಿಮ್ಮ ಹತ್ತಿರ ಫೀಸು ಬೇಡ, ಒಳ್ಳೇ ಗಾಡಿ ಹುಡುಕಿಕೊಡುವುದು ನನ್ನ ಜವಾಬ್ದಾರಿ ಎಂದುಬಿಟ್ಟ.

ಸಿಕ್ಕಿದ್ದು ಗಡಿಯಾರ ರಿಪೇರಿ ಮಾಡುವ ಯಜಮಾನರೊಬ್ಬರ ಕಡುನೀಲಿ ಕಾರು. ಶನಿವಾರ ಬೆಳಿಗ್ಗೆ ಮಾಮ, ನರ್ಸಮ್ಮ ಇಬ್ಬರೂ ಹೋದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಎಲ್ಲವೂ ಒಂದೇ ಸಮಯ ತೋರಿಸುತ್ತಿದ್ದವು. ಯಜಮಾನರ ಒಂದು ಕಣ್ಣು ಮಂಜಾಗಿತ್ತು, ಇನ್ನೊಂದು ಅದರ ಹಾದಿ ಹಿಡಿದಿತ್ತು. ಡಾಕ್ಟರು ಗಾಡಿ ಮುಟ್ಟಬೇಡಿ ಅಂದಿದ್ದಾರೆ, ಅದಕ್ಕೇ ಮಾರಾಟ ಎಂದರು. ಹದಿನಾಲ್ಕು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಹತ್ತಿರ ಕೊಂಡದ್ದಂತೆ. ಅವತ್ತಿನಿಂದ ಹಾಕಿಸಿದ ಎಣ್ಣೆ, ಬದಲಿಸಿದ ಟೈರು, ಕೂರಿಸಿದ ಬಲ್ಬು, ಪ್ರತಿಯೊಂದನ್ನೂ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿಟ್ಟ ನೋಟ್‌ಬುಕ್ಕು ತಂದು ಕೊಟ್ಟರು. ಮಾಮನಿಗೆ ಆ ಪುಸ್ತಕ ಕಂಡೇ ಅರ್ಧ ಮನಸ್ಸು ಸೋತಿತು.

ಬಾನೆಟ್ಟು ತಣ್ಣಗಿತ್ತು. ಪೆಡಲ್ ರಬ್ಬರು ಮೀಟರಿನ ಲೆಕ್ಕಕ್ಕೆ ಸರಿಯಾಗಿ ಸವೆದಿತ್ತು. ಹಾಸಿನಡಿ ಒಣ ವಾಸನೆ. ಎಂಜಿನ್ನು ಒಂದೇ ತಿರುವಿಗೆ ಎದ್ದು, ಸದ್ದಿಲ್ಲದ ಸಂಸಾರದಂತೆ ನಡೆಯಿತು. ಮ್ಯಾಗ್ನೆಟ್ಟು ಇಡೀ ಗಾಡಿಯಲ್ಲಿ ಒಂದು ಕಡೆಯೂ ಜಾರಲಿಲ್ಲ. ಮಾಮನಿಗೆ ಕೆಮ್ಮಲು ಒಂದು ಕಾರಣವೂ ಸಿಗಲಿಲ್ಲ.

ಉಳಿದದ್ದು ಹಿಂದಿನ ಸೀಟು. ಬಾಗಿಲು ತೆಗೆದು ಬಗ್ಗಿದ. ಸೀಟಿನ ಎಡ ಮೂಲೆಯಲ್ಲಿ ಕೈಯಲ್ಲಿ ಹೆಣೆದ ಒಂದು ದಿಂಬು, ಅದರ ಮೇಲೆ ಅಂದವಾಗಿ ಮಡಿಸಿದ ಬೂದು ಬಣ್ಣದ ಶಾಲು ಇತ್ತು.

"ಅದು ನಮ್ಮನೆಯವರದ್ದು," ಎಂದರು ಯಜಮಾನರು ಹಿಂದಿನಿಂದ. "ಹೋಗಿ ಎರಡು ವರ್ಷ ಆಯ್ತು. ತೆಗೀಬೇಕು ತೆಗೀಬೇಕು ಅಂತೀನಿ, ಕೈಯೇ ಬಂದಿಲ್ಲ."

ಮಾಮ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಆ ಶಾಲು ಸರಿಸಿ, ಸೀಟು ಕಿತ್ತು, ಅಡಿಗೆ ಟಾರ್ಚು ಬಿಡುವುದು ಆ ಹೊತ್ತಿಗೆ ಅವನಿಗೆ ಅಸಹ್ಯವೆನಿಸಿತು. ಇಂಥ ಮನುಷ್ಯನ ಗಾಡಿಯಲ್ಲಿ ಇನ್ನೇನು ನೋಡುವುದಿದೆ ಎಂದುಕೊಂಡ. ಹದಿನೈದು ವರ್ಷ ಊರಿಗೆಲ್ಲ ಹೇಳಿದ ಬುದ್ಧಿಮಾತು ತನ್ನ ಸರದಿ ಬಂದಾಗ ನೆನಪಾಗಲಿಲ್ಲ. ಬಾಗಿಲು ಮೆತ್ತಗೆ ಮುಚ್ಚಿ, ಇಬ್ಬರನ್ನೂ ನಿಲ್ಲಿಸಿ ತೊಂಬತ್ತೈದು ಸಾವಿರ ಎಂದ. ಯಜಮಾನರು, ನಾನು ಎಂಬತ್ತು ಕೇಳೋಣ ಅಂತಿದ್ದೆ ಎಂದು ಸಂಕೋಚಪಟ್ಟರು. ನರ್ಸಮ್ಮ ಅಲ್ಲೇ ಹತ್ತು ಸಾವಿರ ಮುಂಗಡ ಕೊಟ್ಟರು. ಸೋಮವಾರ ಕಾಗದ ಪತ್ರ ಎಂದಾಯಿತು. ಅಷ್ಟರೊಳಗೆ ಅತ್ತೆಯ ಕೈಯಲ್ಲಿ ಹೊಸ ಕವರು ಹೊಲಿಸೋಣವೆಂದು ನರ್ಸಮ್ಮ ಆಸೆಪಟ್ಟದ್ದಕ್ಕೆ ಯಜಮಾನರು ಬೀಗದ ಕೈಯನ್ನೇ ಮಾಮನಿಗೆ ಕೊಟ್ಟು ಕಳಿಸಿದರು. ಶಾಲು, ದಿಂಬು ಮಾತ್ರ ತಾವೇ ತೆಗೆದು ಎದೆಗೊತ್ತಿಕೊಂಡು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಅತ್ತೆ ಅಳತೆ ಪಟ್ಟಿ ಹಿಡಿದು ನಿಂತಿದ್ದಳು. ಮಾಮ ಹಿಂದಿನ ಸೀಟಿನ ಬೋಲ್ಟು ಬಿಚ್ಚಿ, ಎತ್ತಿ ಹೊರಗಿಟ್ಟ. ಅಡಿಯ ತಗಡಿನ ಮೇಲೆ ಅಡ್ಡಡ್ಡಲಾಗಿ, ಈ ಬಾಗಿಲಿನಿಂದ ಆ ಬಾಗಿಲಿನ ತನಕ ಒಂದು ಬೆಸುಗೆ ಓಡಿತ್ತು. ಅಚ್ಚುಕಟ್ಟಾದ ಬೆಸುಗೆ. ಅದರ ಅಲೆಗಳೆಲ್ಲ ಎಲ್ಲರ ಬೆಸುಗೆಯಂತೆ ಒಂದು ಕಡೆಗೆ ವಾಲದೆ ಉಲ್ಟಾ ಕಡೆಗೆ ವಾಲಿದ್ದವು. ಎಡಗೈಯವನ ಕೆಲಸ.

ಮಾಮ ಬೆಸುಗೆಯ ತುದಿಯಿಂದ ತುದಿಗೆ ಬೆರಳಾಡಿಸಿದ. ಚುಕ್ಕಿ ಇರಬೇಕಾದ ಜಾಗದಲ್ಲಿ ತಗಡು ನುಣ್ಣಗಿತ್ತು.

ಹದಿನಾರು ವರ್ಷದ ಹಿಂದೆ ಒಬ್ಬ ವ್ಯಾಪಾರಿ ಎರಡು ಗಾಡಿಗಳ ಹೆಣ ತಂದು ಹಾಕಿದ್ದ. ಒಂದು ಗಾಡಿಯ ಹಿಂಭಾಗ ಅಪ್ಪಚ್ಚಿ, ಇನ್ನೊಂದರ ಮುಂಭಾಗ ಅಪ್ಪಚ್ಚಿ. ಎರಡನ್ನೂ ನಡುವಿಗೆ ಕತ್ತರಿಸಿ, ಒಳ್ಳೇ ಅರ್ಧಗಳನ್ನು ಸೇರಿಸಿ ಒಂದು ಮಾಡು ಎಂದಿದ್ದ. ಪುಟ್ಟಿ ಮೆತ್ತಕೂಡದು, ತಗಡನ್ನೇ ಬಡಿದು ಕೂರಿಸಬೇಕು. ಚುಕ್ಕಿ ಗಿಕ್ಕಿ ಹಾಕಕೂಡದು, ಅದಕ್ಕೆ ಎರಡರಷ್ಟು ಕೂಲಿ ಎಂದಿದ್ದ. ಆಗ ಮೇಸ್ತ್ರಿ ತೀರಿಕೊಂಡು ಆರು ತಿಂಗಳಾಗಿತ್ತು. ಗದರುವವರು ಯಾರೂ ಇರಲಿಲ್ಲ. ಮಾಮ ಒಪ್ಪಿದ. ಬಣ್ಣ ಬಳಿಯುವ ಮೊದಲೇ ಗಾಡಿ ಅವನ ಕೈಬಿಟ್ಟು ಹೋದದ್ದರಿಂದ ಅದು ನೀಲಿಯಾಯಿತೋ ಕೆಂಪಾಯಿತೋ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ವರ್ಷವೆಲ್ಲ ನಿದ್ದೆ ಸರಿ ಬರಲಿಲ್ಲ. ಕೊನೆಗೆ ಸುತ್ತಿಗೆ ಕೆಳಗಿಟ್ಟು ಮ್ಯಾಗ್ನೆಟ್ಟು ಹಿಡಿದ. ಒಂದು ಸುಳ್ಳನ್ನು ತೀರಿಸಲು ನೂರು ಗಾಡಿಗಳ ನಿಜ ಹೇಳಿದ ಎನ್ನಬೇಕು. ಅವನು ಅಷ್ಟು ಪ್ರಾಮಾಣಿಕನಾದದ್ದೇ ಆ ಅಪ್ರಾಮಾಣಿಕತೆಯಿಂದ.

ಸ್ಕ್ರೂಡ್ರೈವರ್ ತುದಿಯಿಂದ ಬೆಸುಗೆಯ ಅಂಚು ಮೀಟಿದ. ಕೆಳಗಿನಿಂದ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಎಂಜಿನ್ನು ಇನ್ನೂ ಹತ್ತು ವರ್ಷ ಓಡೀತು. ಎಲ್ಲಾದರೂ ಜೋರಾಗಿ ಗುದ್ದಿದರೆ ಗಾಡಿ ಮಾತ್ರ ನಡುವಿಗೆ ಎರಡಾಗುತ್ತದೆ. ಇದರಲ್ಲಿ ನಾಳೆಯಿಂದ ನರ್ಸಮ್ಮ ದಿನಕ್ಕೆ ಹನ್ನೆರಡು ಮನೆ ತಿರುಗುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಜಗತ್ತಿನಲ್ಲಿ ಇನ್ಯಾರಿಗೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಹದಿನೈದು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು.

ಅತ್ತೆ ಏನಾಯಿತೆಂದು ಕೇಳಿದಳು. ಮಾಮ ಗಾಡಿಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಆ ಎರಡರಷ್ಟು ಕೂಲಿ ಏನಾಯಿತು ಎಂದು ಅವಳು ಕೇಳಿದಳು. ಮಾಮ ಹೊಲಿಗೆ ಯಂತ್ರದ ಕಡೆ ನೋಡಿದ. ಅತ್ತೆಯೂ ಅತ್ತ ನೋಡಿದಳು. ತುಂಬ ಹೊತ್ತು ನೋಡಿದಳು.

"ಹದಿನಾರು ವರ್ಷದಿಂದ ಅದನ್ನ ತುಳೀತಿದೀನಿ," ಎಂದಳು. "ನನಗೊಂದು ಮಾತು ಹೇಳಿದ್ರೆ ಕೈಯಲ್ಲೇ ಹೊಲೀತಿದ್ದೆ."

ಅವಳು ಅತ್ತಿದ್ದರೆ, ಬೈದಿದ್ದರೆ ಮಾಮನಿಗೆ ಹಗುರವಾಗುತ್ತಿತ್ತು. ಅವಳು ಅಳತೆ ಪಟ್ಟಿ ಸುತ್ತಿ ಡಬ್ಬಿಗೆ ಹಾಕಿ, "ಹೋಗಿ ಹೇಳಿ ಬನ್ನಿ. ಊಟ ಆಮೇಲೆ," ಎಂದು ಒಳಗೆ ಹೋದಳು.

ಗಡಿಯಾರದ ಅಂಗಡಿಯಲ್ಲಿ ಇಬ್ಬರ ಎದುರೇ ಹೇಳುವುದೆಂದು ಮಾಮ ನರ್ಸಮ್ಮನನ್ನೂ ಕರೆಸಿದ. ಗಾಡಿಯನ್ನು ಬಾಗಿಲಿಗೆ ತಂದು, ಹಿಂದಿನ ಬಾಗಿಲು ತೆಗೆದು, ಬೆಸುಗೆ ತೋರಿಸಿದ. ಮಾಡಿದವನು ತಾನೇ ಎಂದ. ಚುಕ್ಕಿಯ ಪದ್ಧತಿ, ಎರಡರಷ್ಟು ಕೂಲಿ, ನಿನ್ನೆ ಸೀಟು ಎತ್ತದೇ ಇದ್ದದ್ದು, ಒಂದನ್ನೂ ಬಿಡಲಿಲ್ಲ. ಈ ಗಾಡಿ ರಸ್ತೆಗೆ ಇಳಿಯಬಾರದು ಎಂದ.

ಯಜಮಾನರು ಒಳಗೆ ಹೋಗಿ, ಗಡಿಯಾರ ನೋಡುವ ಪುಟ್ಟ ಭೂತಗನ್ನಡಿಯನ್ನು ಇದ್ದುದರಲ್ಲಿ ವಾಸಿಯಾದ ಕಣ್ಣಿಗೆ ಸಿಕ್ಕಿಸಿಕೊಂಡು ಬಂದರು. ಗಾಡಿಯೊಳಗೆ ಮಂಡಿಯೂರಿ ಕೂತು ಬೆಸುಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಕೆಲಸ ಚೆನ್ನಾಗಿದೆ," ಎಂದರು. ಕೆಲಸಗಾರ ಕೆಲಸಗಾರನಿಗೆ ಹೇಳುವ ಮಾತು. ಅದು ಮಾಮನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಮೇಲೆ ಅವರು ಕನ್ನಡಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮನೆಯವಳಿಗೆ ಮುಂದೆ ಕೂರೋಕೆ ಭಯ. ಯಾವತ್ತೂ ಹಿಂದೇನೇ ಕೂರ್ತಿದ್ದಳು. ಹಿಂದೆ ಭದ್ರ ಅಂತ ನಾನೇ ಹೇಳ್ತಿದ್ದೆ."

ಗೋಡೆಯ ಗಡಿಯಾರಗಳ ಟಿಕ್ ಟಿಕ್ ಬೀದಿಯ ತನಕ ಕೇಳುತ್ತಿತ್ತು. ಮಾಮ ಕ್ಷಮೆ ಕೇಳಲು ಬಾಯಿ ತೆರೆದ. ಯಜಮಾನರು ಕೈಯೆತ್ತಿ ತಡೆದರು. ನೀವು ಕೇಳಬೇಕಾದವಳು ಈಗ ಇಲ್ಲ ಎಂದರು. ಆ ಪಂಚು ಇನ್ನೂ ಇದೆಯಾ ಎಂದು ಕೇಳಿದರು. ಇತ್ತು, ಮೇಸ್ತ್ರಿ ಕೊಟ್ಟ ಪಂಚು ಗಾಡಿ ನೋಡುವ ಚೀಲದಲ್ಲೇ ಸದಾ ಇರುತ್ತಿತ್ತು, ಯಾಕೆಂದು ಯಾರೂ ಕೇಳಿರಲಿಲ್ಲ.

"ಹಾಗಾದ್ರೆ ಈಗ ಹೊಡೀರಿ."

ಮಾಮ ಎಡಗೈಯಲ್ಲಿ ಸುತ್ತಿಗೆ ಹಿಡಿದ. ಬೆಸುಗೆಯ ಪಕ್ಕ ಪಂಚು ಇಟ್ಟು ಒಂದು ಏಟು, ಒಂದು ಬೆರಳಗಲ ಬಿಟ್ಟು ಇನ್ನೊಂದು ಏಟು ಹೊಡೆದ. ಯಜಮಾನರು ಬಗ್ಗಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಆ ಎರಡು ತಗ್ಗುಗಳನ್ನು ಮುಟ್ಟಿ ನೋಡಿದರು.

"ಸರಿ. ಈಗ ಬೆಲೆ ಹೇಳಿ," ಎಂದರು.

ಹದಿನೈದು ವರ್ಷದಲ್ಲಿ ಮೊದಲ ಸಲ ಮಾಮ ಒಂದೇ ಗಾಡಿಗೆ ಎರಡನೇ ಬೆಲೆ ಹೇಳಿದ. ಮೂವತ್ತು ಸಾವಿರ, ಅದೂ ಬಿಡಿಭಾಗಕ್ಕೆ. ಯಜಮಾನರು ಮುಂಗಡವನ್ನು ತಂದು ನರ್ಸಮ್ಮನ ಕೈಗೆ ಕೊಟ್ಟರು. ನರ್ಸಮ್ಮ ಮಾಮನ ಮುಖವನ್ನೂ ನೋಡದೆ ಬಸ್ಸಿಗೆ ನಡೆದರು.

ಸುದ್ದಿ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. ಮ್ಯಾಗ್ನೆಟ್ಟಿಗೇ ತುಕ್ಕು ಹಿಡಿಯಿತು ಎಂದು ವ್ಯಾಪಾರಿಗಳು ಕುಣಿದಾಡಿದರು. ಗಾಡಿ ನೋಡಲು ಬಾ ಎಂದು ಕರೆಯುವವರೇ ಇಲ್ಲವಾದರು. ಮಾಮ ಅದಕ್ಕೆ ಯಾರನ್ನೂ ದೂರಲಿಲ್ಲ, ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡ. ಹೇಗೂ ಕೈ ಖಾಲಿ. ನೀಲಿ ಕಾರನ್ನು ಒಟ್ಟಿಗೆ ಗುಜರಿಗೆ ಹಾಕಬೇಡಿ ಎಂದು ಯಜಮಾನರನ್ನು ಕೇಳಿಕೊಂಡು, ಮೂರು ವಾರ ಒಬ್ಬನೇ ಕೂತು ಬಿಚ್ಚಿದ. ಎಂಜಿನ್ನು ಬೇಕಾದವನಿಗೆ ಎಂಜಿನ್ನು, ಗಾಜು ಒಡೆದವನಿಗೆ ಗಾಜು, ಬಾಗಿಲು ಜಜ್ಜಿದವನಿಗೆ ಬಾಗಿಲು. ಮನೆ ಮನೆಗೆ ಹೊತ್ತು ಮಾರಿದ. ಆ ಇರುವೆ ಅಕ್ಷರದ ಪುಸ್ತಕ ತೋರಿಸಿದಲ್ಲೆಲ್ಲ ಒಳ್ಳೇ ಬೆಲೆ ಬಂತು. ಬಂದದ್ದನ್ನು ಆಯಾ ಸಂಜೆಯೇ ಯಜಮಾನರ ಮೇಜಿನ ಮೇಲಿಟ್ಟು ಬರುತ್ತಿದ್ದ. ಕೊನೆಗೆ ಅರವತ್ತೆಂಟು ಸಾವಿರ ಮುಟ್ಟಿತು. ಅಷ್ಟು ದಿನದಲ್ಲಿ ಅವರು ಅವನನ್ನು ಒಮ್ಮೆಯೂ ಕೂತುಕೊಳ್ಳಿ ಎನ್ನಲಿಲ್ಲ. ಅವನೂ ನಿಂತೇ ಇರುತ್ತಿದ್ದ.

ಹಿಂದಿನ ಸೀಟನ್ನು ಮಾತ್ರ ಅತ್ತೆ ಯಾರಿಗೂ ಕೊಡಗೊಡಲಿಲ್ಲ. ಬಡಗಿಯಿಂದ ಅದಕ್ಕೆ ನಾಲ್ಕು ಕಾಲು ಹಚ್ಚಿಸಿದಳು. ಕೆಲವು ದಿನ ಮುಟ್ಟದೇ ಬಿಟ್ಟಿದ್ದ ಯಂತ್ರದ ಮುಂದೆ ಕೂತು, ಬೂದು ಬಣ್ಣದ ಬಟ್ಟೆಯಲ್ಲಿ ಹೊಸ ಕವರು ಹೊಲಿದಳು. ಈ ಯಂತ್ರ ಯಾವ ದುಡ್ಡಿನದು ಅಂತ ಈಗ ನನಗೆ ಗೊತ್ತು, ಇನ್ನು ಮೇಲೆ ಗೊತ್ತಿದ್ದೇ ತುಳೀತೀನಿ ಎಂದಳು. ಅವಳ ಸಿಟ್ಟು ಹೋಗಿತ್ತೆಂದು ಹೇಳಲಾರೆ; ಆದರೆ ಅವತ್ತು ಗಂಡನಿಗೆ ತಾನಾಗಿ ಕಾಫಿ ಕೊಟ್ಟಳು.

ಅದೇ ವಾರ ನರ್ಸಮ್ಮ ಬಂದರು. ಅತ್ತೆಯ ಕಾಲು ನೋಡುವ ನೆಪ. ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು, ಶನಿವಾರ ಇನ್ನೊಂದು ಗಾಡಿ ನೋಡುವುದಿದೆ ಎಂದರು. ಮಾಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ ಎಂದ.

"ಮಾಮ, ತಪ್ಪಾದ್ರೆ ಒಪ್ಪಿಕೊಳ್ಳೋ ಡಾಕ್ಟರು ನನಗೆ ಇಷ್ಟು ವರ್ಷದಲ್ಲಿ ಇಬ್ಬರೇ ಸಿಕ್ಕಿರೋದು," ಎಂದರು ನರ್ಸಮ್ಮ. "ಬೆಳಿಗ್ಗೆ ಏಳಕ್ಕೆ ಬನ್ನಿ. ಮೊದಲು ಹಿಂದಿನ ಸೀಟು ಎತ್ತಿ."

ಭಾನುವಾರ ಮಾಮ ಆ ಸೀಟನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಗಡಿಯಾರದ ಅಂಗಡಿಗೆ ಹೋದ. ಒಳಗೆ ತಂದು ಕಿಟಕಿಯ ಕೆಳಗೆ ಇಟ್ಟ. ಯಜಮಾನರು ಅದೇನೆಂದು ಮೊದಲು ತಿಳಿಯದೆ ಕೈಯಿಂದ ತಡವಿದರು. ಹೊಲಿಗೆಯ ಅಂಚು, ಒಳಗಿನ ಸ್ಪ್ರಿಂಗು, ಎಡ ಮೂಲೆಯಲ್ಲಿ ಎಷ್ಟೋ ವರ್ಷ ಒಬ್ಬರೇ ಕೂತು ಆದ ತಗ್ಗು. ಕೈ ಅಲ್ಲಿಗೆ ಬಂದು ನಿಂತಿತು. ಆ ತಗ್ಗನ್ನು ತುಂಬಬೇಡಿ ಎಂದು ಅತ್ತೆ ಬಡಗಿಗೆ ಎರಡು ಸಲ ಹೇಳಿದ್ದಳು.

ಯಜಮಾನರು ಒಳಗೆ ಹೋಗಿ ದಿಂಬು, ಶಾಲು ತಂದು ಆ ಮೂಲೆಯಲ್ಲಿಟ್ಟರು. ಶಾಲಿನ ಮಡಿಕೆ ಸರಿಮಾಡಿದರು. ಅದರ ಪಕ್ಕ ತಾವು ಕೂತರು. ಹದಿನಾಲ್ಕು ವರ್ಷ ಗಾಡಿ ಓಡಿಸಿದೆ, ಒಂದು ದಿನವೂ ಹಿಂದೆ ಕೂತಿರಲಿಲ್ಲ ಎಂದರು, ಯಾರಿಗೆಂದಿಲ್ಲದೆ.

ಮಾಮ ಬಾಗಿಲ ಬಳಿ ಎಂದಿನಂತೆ ನಿಂತಿದ್ದ. ಯಜಮಾನರು ಅವನಿದ್ದ ಕಡೆ ಮುಖ ಮಾಡಿದರು. ಆಮೇಲೆ ಶಾಲಿನ ಕಡೆಗೆ ಒಂದಿಷ್ಟು ಸರಿದು, ಇನ್ನೊಂದು ಬದಿಯನ್ನು ಅಂಗೈಯಿಂದ ತಟ್ಟಿದರು.

"ಕೂತ್ಕೊಳ್ಳಿ," ಎಂದರು.